ಕರೆಂಟು ಹೋಗಿ ಬರುವ ಊರಿಗೆ ಯಾವ ಆಟೊಮೇಶನ್? ಕಾಸರಗೋಡಿನ ಮನೆ-ತೋಟಕ್ಕೆ ಮುಕ್ತ ತಂತ್ರಾಂಶಗಳ ಹೋಲಿಕೆ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಯಾರ ಹತ್ತಿರ ಮನೆ ಆಟೊಮೇಶನ್ ಮಾತೆತ್ತಿದರೂ ಮೊದಲು ಬರುವುದು ಪಂಪಿನ ಪ್ರಶ್ನೆ. ತೋಟದ ಕೆರೆಯ ಪಂಪನ್ನು ಮನೆಯಲ್ಲೇ ಕೂತು ಆಫ್ ಮಾಡಬಹುದಾ? ಗುಡ್ಡೆಯ ಮೇಲಿನ ಟ್ಯಾಂಕಿ ತುಂಬಿದ್ದು ಗೊತ್ತಾಗುತ್ತದಾ? ಏಪ್ರಿಲ್‌ನಲ್ಲಿ ಬಾವಿಯ ನೀರು ತಳ ಕಂಡರೆ ಮೋಟರು ತಾನೇ ನಿಲ್ಲುತ್ತದಾ? ದೀಪ, ಫ್ಯಾನು, ಗೇಟಿನ ಕ್ಯಾಮೆರಾ ಎಲ್ಲ ಆಮೇಲೆ.

ಇದಕ್ಕೆಲ್ಲ ಮುಕ್ತ ತಂತ್ರಾಂಶ ಧಾರಾಳವಾಗಿ ಇದೆ. ಯಾವುದನ್ನು ಆರಿಸುವುದು ಅನ್ನುವಲ್ಲಿ ಗೊಂದಲ. ನೆಟ್‌ನಲ್ಲಿ ಸಿಗುವ ಹೆಚ್ಚಿನ ಹೋಲಿಕೆಗಳು ಯುರೋಪ್, ಅಮೆರಿಕದ ಮನೆಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದವು. ಅಲ್ಲಿನ ತಲೆಬಿಸಿ ಹೀಟರು, ಕಿಟಕಿಯ ಪರದೆ. ಕರೆಂಟು ದಿನಕ್ಕೆ ನಾಲ್ಕು ಸಲ ಹೋಗಿ ಬರುವ ವಿಚಾರ ಅವುಗಳಲ್ಲಿ ಬರುವುದೇ ಇಲ್ಲ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲು, ಜೂನ್-ಜುಲೈಯಲ್ಲಿ ಲೈನಿನ ಮೇಲೆ ಬೀಳುವ ಮರ, ಅಕ್ಟೋಬರ್ ಆದರೆ ಮತ್ತೆ ಸಂಜೆಯ ಸಿಡಿಲು. ಇದರ ಮೇಲೆ, ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದು ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳು ಜಾಸ್ತಿ.

ಹಾಗಾಗಿ ಇಲ್ಲಿ ನಾನು ಬಳಸುವ ಅಳತೆಗೋಲು ಬೇರೆ. ಕರೆಂಟು ಹೋಗಿ ಬಂದಾಗ ಏನಾಗುತ್ತದೆ? ಇಂಟರ್ನೆಟ್ ಕಡಿದಾಗ ಏನಾಗುತ್ತದೆ? ಇದನ್ನು ಜೋಡಿಸಿದ ವ್ಯಕ್ತಿ ಊರಲ್ಲಿ ಇಲ್ಲದಾಗ ಮನೆಯವರು ಏನು ಮಾಡುತ್ತಾರೆ? ಈ ಮೂರಕ್ಕೂ ಸರಿಯಾದ ಉತ್ತರ ಕೊಡುವ ತಂತ್ರಾಂಶಕ್ಕೆ ನನ್ನ ಓಟು. ಎಷ್ಟು ಸಾವಿರ ಬ್ರಾಂಡಿನ ಸಾಧನಗಳು ಸೇರುತ್ತವೆ ಅನ್ನುವುದು ಆಮೇಲಿನ ಮಾತು.

ಅಂಗಡಿಯ ವೈಫೈ ಸ್ವಿಚ್ಚೇ ಸಾಕಲ್ವಾ?

ಸಾಕು ಅನಿಸಬಹುದು. ಪೆಟ್ಟಿಗೆ ಒಡೆದು, ಆ್ಯಪ್ ಹಾಕಿ, ಐದು ನಿಮಿಷದಲ್ಲಿ ಕೆಲಸ ಆಗುತ್ತದೆ. ಆದರೆ ಇಂಥ ಹೆಚ್ಚಿನ ಸ್ವಿಚ್ಚುಗಳಲ್ಲಿ ನೀವು ಫೋನಿನಲ್ಲಿ ಒತ್ತಿದ್ದು ಎಲ್ಲೋ ದೂರದ ಸರ್ವರಿಗೆ ಹೋಗಿ ಅಲ್ಲಿಂದ ನಿಮ್ಮ ಪಂಪಿಗೆ ವಾಪಸು ಬರುತ್ತದೆ. ರಸ್ತೆಬದಿಯ ಕಂಬದಲ್ಲಿ ಫೈಬರ್ ಕಡಿದರೆ, ಹತ್ತು ಅಡಿ ದೂರದ ಸ್ವಿಚ್ಚು ಕೂಡ ಫೋನಿಗೆ ಸಿಗುವುದಿಲ್ಲ.

ಇನ್ನೊಂದು ಅಪಾಯ ಕಂಪನಿಯದ್ದು. ಅಮೆರಿಕದಲ್ಲಿ ರಿವಾಲ್ವ್ ಎಂಬ ಮನೆ ನಿಯಂತ್ರಣದ ಪೆಟ್ಟಿಗೆ ಇತ್ತು. ನೆಸ್ಟ್ ಕಂಪನಿ ಅದನ್ನು ಕೊಂಡಿತು, 2016ರಲ್ಲಿ ಅದರ ಸರ್ವರ್ ನಿಲ್ಲಿಸಿತು. ದುಡ್ಡು ಕೊಟ್ಟು ತಂದ ಪೆಟ್ಟಿಗೆ ಅಂದಿನಿಂದ ಉಪಯೋಗಕ್ಕಿಲ್ಲ. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು ಹೇಳದೆ ಕೇಳದೆ ನಿಂತವು. ಕೊನೆಗೆ ಬಳಕೆದಾರರಲ್ಲೇ ಕೆಲವರು ಸೇರಿ ಕಂಪನಿಯನ್ನು ಕೊಂಡ ಮೇಲೆ ಅದು ಮತ್ತೆ ಶುರುವಾಯಿತು. ಮನೆಯೊಳಗಿನ ಯಂತ್ರದಲ್ಲೇ ಓಡುವ, ಸೋರ್ಸ್ ಕೋಡ್ ಎಲ್ಲರ ಕೈಗೆ ಸಿಗುವ ತಂತ್ರಾಂಶಕ್ಕೆ ಈ ಗತಿ ಬರುವುದಿಲ್ಲ. ಬರೆದವರು ಕೈಬಿಟ್ಟರೂ ನಿಮ್ಮ ಮನೆಯ ಪ್ರತಿ ಓಡುತ್ತಲೇ ಇರುತ್ತದೆ.

ಮೊದಲು ಆರಿಸಬೇಕಾದ್ದು ಗೋಡೆಯ ಮೇಲಿನ ಸಾಧನದ ತಂತ್ರಾಂಶ

ಮನೆಯ ಕಂಪ್ಯೂಟರಿನಲ್ಲಿ ಕೂತು ಎಲ್ಲ ಸಾಧನಗಳನ್ನು ನಡೆಸುವ ಕೇಂದ್ರದ ತಂತ್ರಾಂಶ ಹೋಮ್ ಅಸಿಸ್ಟೆಂಟೋ ಓಪನ್‌ಹ್ಯಾಬೋ ಎಂದು ಎಲ್ಲರೂ ಚರ್ಚೆ ಶುರು ಮಾಡುತ್ತಾರೆ. ನಾನು ಹೇಳುವುದು, ಕೆಳಗಿನಿಂದ ಶುರು ಮಾಡಿ. ಪಂಪಿನ ಹತ್ತಿರ ಕೂತಿರುವ ಸಣ್ಣ ಸಾಧನದಲ್ಲಿ ಏನು ಓಡುತ್ತದೆ ಅನ್ನುವುದೇ ಹೆಚ್ಚು ಮುಖ್ಯ. ಮನೆಯ ಕಂಪ್ಯೂಟರು ಸತ್ತರೂ ಪಂಪು ಹೊತ್ತಿಗೆ ಸರಿಯಾಗಿ ನಿಲ್ಲಬೇಕು, ಅಲ್ವಾ?

ಈ ಸಾಧನಗಳ ಒಳಗೆ ಸಾಮಾನ್ಯವಾಗಿ ಇರುವುದು ಎಸ್‌ಪ್ರೆಸಿಫ್ ಕಂಪನಿಯ ಚಿಪ್, ಇಎಸ್‌ಪಿ8266 ಅಥವಾ ಇಎಸ್‌ಪಿ32. ಬೋರ್ಡಿಗೆ ಕೆಲವು ನೂರು ರೂಪಾಯಿ, ಅದರಲ್ಲೇ ವೈಫೈ. ಇದರ ಮೇಲೆ ಹಾಕಲು ಮುಕ್ತ ತಂತ್ರಾಂಶದಲ್ಲಿ ಮುಖ್ಯವಾಗಿ ಎರಡು ಆಯ್ಕೆ: ಟಾಸ್ಮೋಟಾ ಮತ್ತು ಇಎಸ್‌ಪಿಹೋಮ್.

ಟಾಸ್ಮೋಟಾವನ್ನು ಶುರು ಮಾಡಿದವರು ನೆದರ್‌ಲ್ಯಾಂಡ್ಸ್‌ನ ಥಿಯೋ ಆರೆಂಡ್ಸ್. ಸಿದ್ಧ ಫೈಲನ್ನು ಚಿಪ್ಪಿಗೆ ಹಾಕಿದರೆ ಆಯಿತು. ಆಮೇಲಿನ ಎಲ್ಲ ಹೊಂದಾಣಿಕೆ ಫೋನಿನ ಬ್ರೌಸರಿನಲ್ಲೇ ಮಾಡಬಹುದು. ಸಾಧನವೇ ಒಂದು ಪುಟ್ಟ ವೆಬ್ ಪುಟ ತೋರಿಸುತ್ತದೆ. ಕೇಂದ್ರ ಕಂಪ್ಯೂಟರ್ ಇಲ್ಲದೆ, ಇಂಟರ್ನೆಟ್ ಇಲ್ಲದೆ, ಮನೆಯ ವೈಫೈ ಇದ್ದರೆ ಸಾಕು, ಆ ಪುಟದಲ್ಲಿ ಒತ್ತಿ ಪಂಪು ಹಾಕಬಹುದು. ಅದರಲ್ಲೇ 16 ಟೈಮರ್‌ಗಳು ಇವೆ. ಸೂರ್ಯೋದಯ, ಸೂರ್ಯಾಸ್ತದ ಲೆಕ್ಕದಲ್ಲೂ ಇಡಬಹುದು. ಪಲ್ಸ್‌ಟೈಮ್ ಎಂಬ ಆದೇಶ ನನಗೆ ತುಂಬ ಇಷ್ಟ. ಪಲ್ಸ್‌ಟೈಮ್‌ಗೆ 1900 ಎಂದು ಕೊಟ್ಟರೆ ಅದರಲ್ಲಿ 100 ಕಳೆದು 1800 ಸೆಕೆಂಡು, ಅಂದರೆ ಅರ್ಧ ಗಂಟೆ ಆದ ಕೂಡಲೇ ರಿಲೇ (ಸಾಧನದೊಳಗಿನ ಸ್ವಿಚ್ಚು) ತಾನೇ ಆಫ್ ಆಗುತ್ತದೆ. ಯಾರು ಹಾಕಿದರೂ, ಹೇಗೆ ಹಾಕಿದರೂ, ಮರೆತರೂ.

ಇಎಸ್‌ಪಿಹೋಮ್ ದಾರಿ ಬೇರೆ. ಸಾಧನದಲ್ಲಿ ಏನೇನಿದೆ, ಅದು ಏನು ಮಾಡಬೇಕು ಎಂದು ಯಾಮಲ್ ಎಂಬ ಸರಳ ಪಠ್ಯದಲ್ಲಿ ಬರೆಯಬೇಕು. ಅದನ್ನು ಕಂಪ್ಯೂಟರು ನಿಮ್ಮ ಸಾಧನಕ್ಕೆಂದೇ ಒಂದು ಫರ್ಮ್‌ವೇರ್ (ಚಿಪ್ಪಿನೊಳಗೆ ಓಡುವ ತಂತ್ರಾಂಶ) ಆಗಿ ಕಟ್ಟಿ ಕೊಡುತ್ತದೆ. 2018ರಲ್ಲಿ ಓಟ್ಟೊ ವಿಂಟರ್ ಶುರು ಮಾಡಿದ್ದು, ಈಗ ಹೋಮ್ ಅಸಿಸ್ಟೆಂಟಿನ ಜೊತೆ ಒಂದೇ ಸಂಸ್ಥೆಯ ಕೆಳಗಿದೆ. ಕಲಿಯಲು ಸ್ವಲ್ಪ ಹೊತ್ತು ಬೇಕು. ಆದರೆ ಒಮ್ಮೆ ಬರೆದ ಮೇಲೆ ಆ ಫೈಲೇ ದಾಖಲೆ. ಸಿಡಿಲಿಗೆ ಬೋರ್ಡು ಹೋದರೆ ಹೊಸ ಬೋರ್ಡಿಗೆ ಅದೇ ಫೈಲನ್ನು ಕಳುಹಿಸಿದರೆ ಮುಗಿಯಿತು. ನಮ್ಮ ಕಡೆ ಇದು ಸಣ್ಣ ಅನುಕೂಲ ಅಲ್ಲ.

ಎರಡರಲ್ಲೂ ನಮ್ಮ ಊರಿನ ಕರೆಂಟಿಗೆ ಹೊಂದದ ಒಂದೊಂದು ವಿಷಯ ಇದೆ. ಮೊದಲೇ ತಿಳಿದಿರಲಿ.

ಟಾಸ್ಮೋಟಾದಲ್ಲಿ ಸಾಧನ ಹಾಳಾದರೆ ಸರಿಪಡಿಸಲೆಂದು ಒಂದು ಉಪಾಯ ಇಟ್ಟಿದ್ದಾರೆ. ಕರೆಂಟನ್ನು ಬೇಗ ಬೇಗ ಹಲವು ಸಲ ಆಫ್-ಆನ್ ಮಾಡಿದರೆ ಎಲ್ಲ ಹೊಂದಾಣಿಕೆ ಅಳಿಸಿ ಹೊಸದರ ಹಾಗೆ ಆಗುತ್ತದೆ. ಗಾಳಿಮಳೆಗೆ ಲೈನ್ ತಾಗಿ ಕರೆಂಟು ಮಿಣಮಿಣ ಅನ್ನುವಾಗ ಇದೇ ಆಗಿಬಿಡಬಹುದು. ಸೆಟ್‌ಆಪ್ಷನ್65 ಎಂಬುದನ್ನು 1 ಮಾಡಿದರೆ ಈ ಉಪಾಯ ನಿಲ್ಲುತ್ತದೆ. ಹೊಸ ಸಾಧನಕ್ಕೆ ಮೊದಲ ದಿನವೇ ಇದನ್ನು ಮಾಡಿ. ಜೊತೆಗೆ ಪವರ್‌ಆನ್‌ಸ್ಟೇಟ್ ಅನ್ನು 0 ಮಾಡಿ. ಆಗ ಕರೆಂಟು ಬಂದ ಕೂಡಲೇ ಪಂಪು ತಾನಾಗಿ ಹೊರಡುವುದಿಲ್ಲ. ಮೊದಲೇ ಇರುವ ಹೊಂದಾಣಿಕೆಯಲ್ಲಿ ಹಿಂದಿನ ಸ್ಥಿತಿಗೆ ಮರಳುತ್ತದೆ, ಅಂದರೆ ರಾತ್ರಿ ಎರಡು ಗಂಟೆಗೆ ಕರೆಂಟು ಬಂದರೆ ಪಂಪೂ ಎದ್ದು ಕೂರುತ್ತದೆ.

ಇಎಸ್‌ಪಿಹೋಮ್‌ನಲ್ಲಿ, ಕೇಂದ್ರ ಕಂಪ್ಯೂಟರಿನ ಸಂಪರ್ಕ 15 ನಿಮಿಷ ಸಿಗದಿದ್ದರೆ ಸಾಧನ ತನ್ನನ್ನು ತಾನೇ ರೀಸ್ಟಾರ್ಟ್ ಮಾಡಿಕೊಳ್ಳುತ್ತದೆ. ಸಂಪರ್ಕ ಸರಿಯಾಗಲಿ ಎಂದು ಇಟ್ಟ ಒಳ್ಳೆಯ ಉದ್ದೇಶ. ಆದರೆ ಮನೆಯ ಕಂಪ್ಯೂಟರು ಕೆಟ್ಟು ಕೂತ ದಿನ ನಿಮ್ಮ ಪಂಪು ಪ್ರತಿ ಕಾಲು ಗಂಟೆಗೆ ನಡುವೆ ನಿಲ್ಲುತ್ತದೆ. ಯಾಮಲ್ ಫೈಲಿನಲ್ಲಿ ಎಪಿಐ (ಕೇಂದ್ರದ ಜೊತೆಗಿನ ಮಾತುಕತೆಯ ಭಾಗ) ಮತ್ತು ವೈಫೈ ಎರಡರ ಕೆಳಗೂ ರೀಬೂಟ್ ಟೈಮ್ಔಟ್ ಅನ್ನು 0 ಸೆಕೆಂಡ್ ಎಂದು ಬರೆದರೆ ಈ ತೊಂದರೆ ಇಲ್ಲ.

ಇನ್ನು ಗಡಿಯಾರದ ವಿಚಾರ. ಈ ಚಿಪ್ಪುಗಳಲ್ಲಿ ಬ್ಯಾಟರಿಯ ಗಡಿಯಾರ ಇಲ್ಲ. ಕರೆಂಟು ಹೋಗಿ ಬಂದರೆ ಗಂಟೆ ಎಷ್ಟು ಎಂದು ಇಂಟರ್ನೆಟ್‌ನಿಂದ ಕೇಳಿ ತಿಳಿಯಬೇಕು. ಅದೇ ಹೊತ್ತಿಗೆ ಫೈಬರೂ ಕಡಿದಿದ್ದರೆ? ಟೈಮರ್ ಓಡುವುದೇ ಇಲ್ಲ. ಇಎಸ್‌ಪಿಹೋಮ್ ತನ್ನ ಸಮಯವನ್ನು ಹೋಮ್ ಅಸಿಸ್ಟೆಂಟಿನಿಂದಲೂ ಪಡೆಯಬಲ್ಲದು. ಡಿಎಸ್1307 ಎಂಬ, ಗುಂಡಿ ಬ್ಯಾಟರಿಯ ಪುಟ್ಟ ಗಡಿಯಾರವನ್ನು ಬೋರ್ಡಿಗೇ ಜೋಡಿಸಲೂಬಹುದು. ಟಾಸ್ಮೋಟಾ ಸಾಧನಕ್ಕಾದರೆ ಮನೆಯ ಕಂಪ್ಯೂಟರನ್ನೇ ಸಮಯದ ಸರ್ವರ್ ಆಗಿ ತೋರಿಸಿ.

ನನ್ನ ತೀರ್ಮಾನ ಇಷ್ಟು. ಒಂದೆರಡು ಪಂಪು, ನಾಲ್ಕು ದೀಪ ಅಷ್ಟೇ ಇದ್ದರೆ ಟಾಸ್ಮೋಟಾ. ಸೆನ್ಸರ್, ಲೆಕ್ಕಾಚಾರ, ಎರಡು ಮೂರು ಷರತ್ತು ಸೇರಿಸಿ ನಿರ್ಧಾರ ಮಾಡುವ ಕೆಲಸ ಇದ್ದರೆ ಇಎಸ್‌ಪಿಹೋಮ್. ಒಂದೇ ಮನೆಯಲ್ಲಿ ಎರಡೂ ಇರಬಹುದು, ಜಗಳ ಇಲ್ಲ.

ಪಂಪಿನ ಜೋಡಣೆ: ಯಾವ ತಂತ್ರಾಂಶವಾದರೂ ಇದು ತಪ್ಪದು

ಒಂದು ಎಚ್‌ಪಿ ಅಂದರೆ 746 ವಾಟ್. ಓಡುವಾಗ ಕರೆಂಟು ಐದಾರು ಆಂಪಿಯರ್ ಇರಬಹುದು, ಆದರೆ ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಸ್ಮಾರ್ಟ್ ಸ್ವಿಚ್ಚಿನ ಮೇಲೆ 10 ಆಂಪಿಯರ್ ಎಂದು ಬರೆದಿದೆ ಎಂದು ಅದರಿಂದಲೇ ನೇರ ಮೋಟರು ಓಡಿಸಲು ಹೋಗಬೇಡಿ. ಒಳಗಿನ ಸಂಪರ್ಕ ಬೆಸೆದುಕೊಂಡರೆ ಯಾವ ತಂತ್ರಾಂಶಕ್ಕೂ ಆ ಪಂಪನ್ನು ನಿಲ್ಲಿಸಲು ಆಗದು.

ತೋಟದ ಪಂಪಿಗೆ ಹೇಗೂ ಹಸಿರು-ಕೆಂಪು ಬಟನಿನ ಸ್ಟಾರ್ಟರ್ ಇರುತ್ತದೆ. ಅದನ್ನೇ ಬಳಸಿ. ಒಂದು ರಿಲೇಯನ್ನು ಹಸಿರು ಬಟನಿಗೆ ಸಮಾನಾಂತರವಾಗಿ, ಇನ್ನೊಂದನ್ನು ಕೆಂಪು ಬಟನಿನ ಸಾಲಿನಲ್ಲಿ ಸೇರಿಸಬೇಕು. ರಿಲೇ ಒಂದು ಸೆಕೆಂಡು ಒತ್ತಿ ಬಿಟ್ಟರೆ ಕೆಲಸ ಆಯಿತು. ಹೀಗೆ ಜೋಡಿಸಿದಾಗ ಅರ್ಧ ಗಂಟೆಯ ಪಲ್ಸ್‌ಟೈಮ್ ಪಂಪನ್ನು ನಿಲ್ಲಿಸುವುದಿಲ್ಲ, ಹೊತ್ತಾದಾಗ ಕೆಂಪು ಬಟನಿನ ರಿಲೇಗೆ ಆದೇಶ ಹೋಗಬೇಕು. ಇದರಲ್ಲಿ ಎರಡು ಲಾಭ. ಕರೆಂಟು ಹೋದರೆ ಸ್ಟಾರ್ಟರ್ ತಾನೇ ಬಿಟ್ಟುಕೊಳ್ಳುತ್ತದೆ, ಬಂದಾಗ ಪಂಪು ಸುಮ್ನೆ ಹೊರಡುವುದಿಲ್ಲ. ಮತ್ತೆ, ಅಪ್ಪ ಎಂದಿನಂತೆ ಪಂಪ್‌ಶೆಡ್ಡಿಗೆ ಹೋಗಿ ಹಸಿರು ಬಟನ್ ಒತ್ತಿದರೂ ನಡೆಯುತ್ತದೆ. ಮನೆಯವರ ಹಳೆಯ ಅಭ್ಯಾಸ ಕೆಡಿಸುವ ಆಟೊಮೇಶನ್ ನನಗೆ ಬೇಡ. ಈ ಕೆಲಸವನ್ನು ಲೈಸೆನ್ಸ್ ಇರುವ ವಯರ್‌ಮನ್ ಕೈಯಲ್ಲೇ ಮಾಡಿಸಿ.

ನೀರಿಲ್ಲದೆ ಪಂಪು ಓಡುವುದನ್ನು ತಡೆಯಲು ಬಾವಿಗೆ ಸೆನ್ಸರ್ ಇಳಿಸಬೇಕು ಅಂತ ಇಲ್ಲ. ನೀರು ಎತ್ತದೆ ಓಡುವ ಪಂಪು ಎಳೆಯುವ ಕರೆಂಟು ಕಡಿಮೆ. ಸಿಂಗಲ್ ಫೇಸ್ ಪಂಪಿನ ವಯರಿಗೆ ಪಿಝಡ್ಇಎಂ-004ಟಿ ಎಂಬ ಅಳೆಯುವ ಮಾಡ್ಯೂಲನ್ನು ಸುತ್ತು ಕಾಯಿಲಿನ ಜೊತೆ ಹಾಕಿದರೆ ಟಾಸ್ಮೋಟಾಕ್ಕೂ ಇಎಸ್‌ಪಿಹೋಮ್‌ಗೂ ವಾಟ್ ಗೊತ್ತಾಗುತ್ತದೆ. ನೀರು ಚೆನ್ನಾಗಿರುವ ದಿನ ಎಷ್ಟು ವಾಟ್ ಎಂದು ನೋಡಿಟ್ಟುಕೊಳ್ಳಿ. ಅದಕ್ಕಿಂತ ಬಹಳ ಕೆಳಗೆ ಬಂದರೆ ಆಫ್ ಮಾಡುವ ನಿಯಮವನ್ನು ಸಾಧನದೊಳಗೇ ಬರೆಯಿರಿ. ಮನೆಯ ಕಂಪ್ಯೂಟರಿಗೆ ಈ ಕೆಲಸ ಕೊಡಬೇಡಿ.

ಈಗ ಕೇಂದ್ರದ ತಂತ್ರಾಂಶ

ಸಾಧನ ಮತ್ತು ಕೇಂದ್ರದ ನಡುವೆ ಮಾತುಕತೆಗೆ ಎಂಕ್ಯೂಟಿಟಿ ಎಂಬ ಪದ್ಧತಿ ಇದೆ. 1999ರಲ್ಲಿ ಎಣ್ಣೆ ಪೈಪ್‌ಲೈನುಗಳನ್ನು ಉಪಗ್ರಹದ ಮೂಲಕ ಗಮನಿಸಲು ಮಾಡಿದ್ದು. ಸಂಪರ್ಕ ಕೆಟ್ಟದಾಗಿದ್ದರೂ, ಡೇಟಾ ಸ್ವಲ್ಪವೇ ಸಿಕ್ಕಿದರೂ ನಡೆಯಬೇಕೆಂದು ಕಟ್ಟಿದ್ದರಿಂದ ನಮ್ಮ ತೋಟಕ್ಕೆ ಸರಿಯಾಗಿ ಒಪ್ಪುತ್ತದೆ. ಮಾಸ್ಕಿಟ್ಟೊ ಎಂಬ ಮುಕ್ತ ತಂತ್ರಾಂಶ ಇದರ ಅಂಚೆ ಕಚೇರಿ. ಮುಂದೆ ಹೇಳುವ ನಾಲ್ಕೂ ಇದರ ಜೊತೆ ಹೊಂದುತ್ತವೆ. ಹಾಗಾಗಿ ಇವತ್ತು ಒಂದನ್ನು ಆರಿಸಿ ನಾಳೆ ಬದಲಿಸಿದರೆ ಗೋಡೆಯ ಸಾಧನಗಳನ್ನು ಮುಟ್ಟಬೇಕಾಗಿಲ್ಲ.

ಹೋಮ್ ಅಸಿಸ್ಟೆಂಟ್ ಈಗ ಎಲ್ಲಕ್ಕಿಂತ ಹೆಚ್ಚು ಜನ ಸೇರಿರುವ ಯೋಜನೆ. 2013ರಲ್ಲಿ ಪೌಲಸ್ ಸ್ಕೌಟ್‌ಸೆನ್ ಪೈಥಾನ್‌ನಲ್ಲಿ ಶುರು ಮಾಡಿದರು. 2024ರಿಂದ ಓಪನ್ ಹೋಮ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯ ಕೈಯಲ್ಲಿದೆ. ಇಎಸ್‌ಪಿಹೋಮ್ ಸಾಧನ ಮನೆಯ ಜಾಲಕ್ಕೆ ಬಂದ ಕೂಡಲೇ ಇದು ಗುರುತಿಸುತ್ತದೆ. ಹೆಚ್ಚಿನ ಕೆಲಸ ಫೋನಿನಲ್ಲೇ ಒತ್ತಿ ಒತ್ತಿ ಮಾಡಬಹುದು. ಪೂರ್ತಿ ಬ್ಯಾಕಪ್ ಒಂದೇ ಫೈಲಿನಲ್ಲಿ ಸಿಗುತ್ತದೆ.

ನಮ್ಮಲ್ಲಿ ಇದರ ದೊಡ್ಡ ಉಪಯೋಗ ಕರೆಂಟಿನ ಲೆಕ್ಕ. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿ ಮನೆಗಳಿಗೆ ಬಿಲ್ ಕೊಡುವುದು ಎರಡು ತಿಂಗಳಿಗೊಮ್ಮೆ. ತಿಂಗಳಿಗೆ 250 ಯೂನಿಟ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ದರ ಏರುತ್ತದೆ. ಅದನ್ನು ದಾಟಿದರೆ ಮೊದಲ ಯೂನಿಟ್‌ನಿಂದಲೇ ಎಲ್ಲಕ್ಕೂ ಹೆಚ್ಚಿನ ದರ. ಅಂದರೆ ಎರಡು ತಿಂಗಳಲ್ಲಿ 500ರ ಗಡಿ ಸ್ವಲ್ಪ ದಾಟಿದರೂ ಬಿಲ್ ಒಮ್ಮೆಲೇ ಹಾರುತ್ತದೆ. ಹೋಮ್ ಅಸಿಸ್ಟೆಂಟಿನ ಯುಟಿಲಿಟಿ ಮೀಟರ್‌ನಲ್ಲಿ ಎರಡು ತಿಂಗಳ ಸುತ್ತು ಸಿದ್ಧವಾಗಿಯೇ ಇದೆ. ರೀಡಿಂಗ್ ಬರೆಯುವ ದಿನಕ್ಕೆ ಅದನ್ನು ಹೊಂದಿಸಿಕೊಂಡರೆ, 450 ಆದಾಗ ಮನೆಯವರ ಫೋನಿಗೆ ಕನ್ನಡದಲ್ಲೇ ಒಂದು ಸಂದೇಶ ಹೋಗುವಂತೆ ಮಾಡಬಹುದು. ಬೇಸಿಗೆಯಲ್ಲಿ ಎಸಿ ಓಡಿಸುವ ಮನೆಗೆ ಇದೊಂದೇ ಸಾಕು, ಖರ್ಚು ಮಾಡಿದ್ದು ವಾಪಸು ಬರಲು.

ತೊಂದರೆ ಎಂದರೆ ಇದರ ವೇಗ. ಪ್ರತಿ ತಿಂಗಳು ಹೊಸ ಆವೃತ್ತಿ ಬರುತ್ತದೆ, ಕೆಲವೊಮ್ಮೆ ಹಳೆಯ ಹೊಂದಾಣಿಕೆ ಮುರಿಯುತ್ತದೆ. ನೋಡಿಕೊಳ್ಳುವವರು ದೂರದ ಊರಲ್ಲಿದ್ದರೆ ಇದು ಕಿರಿಕಿರಿ. ಹಳೆಯ ಯಂತ್ರಗಳನ್ನೂ ಅದು ಬಿಟ್ಟು ಮುಂದೆ ಹೋಗಿದೆ. 2025ರ ಕೊನೆಯಿಂದ 32-ಬಿಟ್ ಯಂತ್ರಗಳಿಗೆ ಹೊಸ ಆವೃತ್ತಿ ಇಲ್ಲ.

ಓಪನ್‌ಹ್ಯಾಬ್ ಇದಕ್ಕಿಂತ ಹಿರಿಯ. ಜರ್ಮನಿಯ ಕೈ ಕ್ರೊಯ್ಟ್ಸರ್ 2010ರಲ್ಲಿ ಶುರು ಮಾಡಿದ್ದು, ಜಾವಾದಲ್ಲಿ ಓಡುತ್ತದೆ. ದೊಡ್ಡ ಬಿಡುಗಡೆ ವರ್ಷಕ್ಕೆ ಎರಡು ಸಲ, ಬೇಸಿಗೆ ಮತ್ತು ಚಳಿಗಾಲದಲ್ಲಿ. ಒಮ್ಮೆ ಸರಿಯಾಗಿ ಕಟ್ಟಿ, ಆಮೇಲೆ ಮುಟ್ಟದೆ ಇಡಬೇಕು ಅನ್ನುವವರಿಗೆ ಈ ನಿಧಾನ ಒಳ್ಳೆಯದೇ. ಆದರೆ ಕಟ್ಟುವುದು ಸುಲಭ ಅಲ್ಲ. ಥಿಂಗ್, ಚಾನಲ್, ಐಟಮ್ ಎಂದು ಮೂರು ಪದರ ಅರ್ಥ ಮಾಡಿಕೊಳ್ಳಬೇಕು. ಮೊದಲ ವಾರ ತಲೆ ಬಿಸಿಯಾಗುವುದು ಖಂಡಿತ. ಅರ್ಥ ಆದ ಮೇಲೆ ಅದರ ಅಚ್ಚುಕಟ್ಟು ಗೊತ್ತಾಗುತ್ತದೆ. ಐಟಮ್‌ನ ಒಳಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಕಾಣುವ ಹೆಸರು "ಸುರಂಗದ ಟ್ಯಾಂಕಿ" ಎಂದು ಕನ್ನಡದಲ್ಲಿ, ಹೀಗೆ ಎರಡೂ ಬೇರೆ ಬೇರೆ. ಹೋಮ್ ಅಸಿಸ್ಟೆಂಟಿನಲ್ಲೂ ಕನ್ನಡ ಹೆಸರು ಕೊಡಬಹುದು. ಆದರೆ ಒಳಗಿನ ಗುರುತನ್ನು ಅದು ತನಗೆ ತೋಚಿದ ಹಾಗೆ ಇಂಗ್ಲಿಷಿಗೆ ತಿರುಗಿಸಿ ಓದಲು ಬಾರದ ಹೆಸರು ಮಾಡುತ್ತದೆ. ಅದನ್ನು ಕೈಯಿಂದ ತಿದ್ದಿ ಇಡಿ.

ಓಪನ್‌ಹ್ಯಾಬಿನಲ್ಲಿ ನಮ್ಮ ಮಕ್ಕಳಿಗೆ ಒಪ್ಪುವ ಒಂದು ಸಂಗತಿ ಇದೆ. ನಿಯಮಗಳನ್ನು ಬ್ಲಾಕ್ಲಿಯ ಬಣ್ಣದ ತುಂಡುಗಳನ್ನು ಜೋಡಿಸಿ ಬರೆಯಬಹುದು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಓಡುವುದು ಗ್ನು/ಲಿನಕ್ಸ್‌ನಲ್ಲಿ. ಕನ್ನಡ ಮಾಧ್ಯಮದ ಮಕ್ಕಳೂ ಇದೇ ತರಹ ತುಂಡು ಜೋಡಿಸುವ ಸ್ಕ್ರಾಚ್ ಕಲಿಯುತ್ತಾರೆ. 2018ರಲ್ಲಿ ಶುರುವಾದ, ಶಾಲೆಗಳ ಲಿಟ್ಲ್ ಕೈಟ್ಸ್ ಐಟಿ ಕ್ಲಬ್ಬುಗಳ ಮಕ್ಕಳಿಗೆ ಆರ್ಡುಯಿನೊ ಬೋರ್ಡೂ ಹೊಸದಲ್ಲ. ಬೆಂಗಳೂರಿನಲ್ಲಿರುವ ಇಂಜಿನಿಯರ್ ಅಣ್ಣ ರಜೆಗೆ ಬರುವ ತನಕ ಕಾಯುವ ಬದಲು, ಮನೆಯಲ್ಲೇ ಇರುವ ಒಂಬತ್ತನೇ ಕ್ಲಾಸಿನ ತಂಗಿಗೆ ಇದನ್ನು ಒಪ್ಪಿಸಿ. ನೋಡಿಕೊಳ್ಳುವವರು ಮನೆಯಲ್ಲೇ ಇದ್ದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಡೊಮೋಟಿಕ್ಸ್ 2012ರದ್ದು, ಸಿ++ನಲ್ಲಿ ಬರೆದದ್ದು, ತುಂಬ ಹಗುರ. ಹಳೆಯ ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರು) ಪೆಟ್ಟಿಗೆಯಲ್ಲಿ ಧೂಳು ಹಿಡಿಯುತ್ತಿದ್ದರೆ ಇದಕ್ಕೆ ಅದು ಸಾಕು. ಇದರಲ್ಲೂ ಬ್ಲಾಕ್ಲಿ ಇದೆ. ನೋಡಲು ಹಳೆಯ ಕಾಲದ್ದು, ಹೊಸ ಸಾಧನಗಳಿಗೆ ಬೆಂಬಲ ಕಡಿಮೆ. ಎಂಕ್ಯೂಟಿಟಿಯ ಹತ್ತಿಪ್ಪತ್ತು ಸಾಧನಗಳಿಗೆ ಮಾತ್ರ ಬೇಕು ಅನ್ನುವವರಿಗೆ ಧೈರ್ಯವಾಗಿ ಹೇಳುತ್ತೇನೆ.

ನೋಡ್-ರೆಡ್ ಈ ಸಾಲಿನಲ್ಲಿ ಸ್ವಲ್ಪ ಬೇರೆ ಜಾತಿ. ಐಬಿಎಂನಲ್ಲಿ 2013ರಲ್ಲಿ ಹುಟ್ಟಿದ್ದು. ಪೆಟ್ಟಿಗೆಗಳನ್ನು ಗೆರೆಯಿಂದ ಜೋಡಿಸಿ "ಇದು ಬಂದರೆ ಅದು ಮಾಡು" ಎಂದು ಬರೆಯುವ ಸಾಧನ ಇದು. ಮನೆ, ಕೋಣೆ, ಚರಿತ್ರೆ (ಹಿಂದಿನ ದಾಖಲೆ) ಎಂಬ ಕಲ್ಪನೆ ಇದಕ್ಕೆ ತಾನಾಗಿ ಇಲ್ಲ. ಬೇರೆ ಮೂರರ ಜೊತೆ ಸೇರಿಸಿ ಬಳಸುವುದು ವಾಡಿಕೆ. ತೋಟದ ಐದಾರು ಸ್ಪ್ರಿಂಕ್ಲರ್ ಗೇಟ್‌ವಾಲ್ವ್‌ಗಳನ್ನು ಒಂದಾದ ಮೇಲೆ ಒಂದು ತೆರೆದು ಮುಚ್ಚುವ ಕ್ರಮವನ್ನು ಇದರಲ್ಲಿ ಚಿತ್ರದ ಹಾಗೆ ಕಾಣಬಹುದು. ಆ ಒಂದು ಕೆಲಸಕ್ಕೆ ಇದರಷ್ಟು ಸ್ಪಷ್ಟವಾದದ್ದು ಬೇರೆ ಇಲ್ಲ.

ಯಾವ ಯಂತ್ರದಲ್ಲಿ ಓಡಿಸುವುದು?

ಎಲ್ಲರೂ ರಾಸ್ಪ್‌ಬೆರಿ ಪೈ ಅನ್ನುತ್ತಾರೆ. ನಾನು ಹಳೆಯ ಲ್ಯಾಪ್‌ಟಾಪ್ ಅನ್ನುತ್ತೇನೆ, ಕಾಸರಗೋಡಿನ ಮಟ್ಟಿಗೆ.

ಪೈ ಐದು ವಾಟ್ ಸುತ್ತಮುತ್ತ ತಿನ್ನುತ್ತದೆ, ತಿಂಗಳಿಗೆ ನಾಲ್ಕು ಯೂನಿಟ್ ಒಳಗೆ. ಲ್ಯಾಪ್‌ಟಾಪ್ ಪರದೆ ಆರಿಸಿ 15 ವಾಟ್ ತಿಂದರೆ ಹನ್ನೊಂದು ಯೂನಿಟ್ ಹತ್ತಿರ. ಈ ಏಳು ಯೂನಿಟ್‌ಗೆ ಸಿಗುವುದು ಏನು? ಒಳಗೇ ಬ್ಯಾಟರಿ. ಒಳಗೇ ಗಡಿಯಾರ. ಮೆಮೊರಿ ಕಾರ್ಡಿನ ಬದಲು ಡಿಸ್ಕ್. ಕರೆಂಟು ತಟಕ್ಕನೆ ಹೋದಾಗ ಬರೆಯುತ್ತಿದ್ದ ಮೆಮೊರಿ ಕಾರ್ಡು ಕೆಡುವುದು ಪೈಗಳಲ್ಲಿ ಸಾಮಾನ್ಯ ರೋಗ. ಓಪನ್‌ಹ್ಯಾಬಿನ ಓಪನ್‌ಹ್ಯಾಬಿಯನ್ ಆವೃತ್ತಿ ಇದಕ್ಕೆಂದೇ ಲಾಗ್‌ಗಳನ್ನು ರ್‍ಯಾಮಿನಲ್ಲಿ ಇಟ್ಟು ಕಾರ್ಡು ಉಳಿಸುತ್ತದೆ. ಆದರೆ ಆಗ ಕರೆಂಟು ಹೋದರೆ ರ್‍ಯಾಮಿನಲ್ಲಿದ್ದ ಚರಿತ್ರೆ ಹೋಯಿತು. ಪೈ ಬೇಕೇ ಬೇಕು ಅನ್ನುವವರು ಎಸ್‌ಎಸ್‌ಡಿ ಹಾಕಿ, ಇನ್ವರ್ಟರ್ ಲೈನಿಗೆ ಕೊಡಿ.

ಲ್ಯಾಪ್‌ಟಾಪಿಗೆ ಒಂದು ಎಚ್ಚರಿಕೆ. ಸದಾ ಚಾರ್ಜಿನಲ್ಲಿರುವ ಹಳೆಯ ಬ್ಯಾಟರಿ ಉಬ್ಬುತ್ತದೆ. 80 ಪ್ರತಿಶತಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯ ಇದ್ದರೆ ಹಾಕಿ, ಇಲ್ಲವಾದರೆ ತಿಂಗಳಿಗೊಮ್ಮೆ ಲ್ಯಾಪ್‌ಟಾಪಿನ ತಳ ಸಮ ಇದೆಯೇ ನೋಡಿ. ಉಬ್ಬಿದ್ದರೆ ಬ್ಯಾಟರಿ ತೆಗೆದುಬಿಡಿ. ಹೊಸದಾಗಿ ಕೊಳ್ಳುವುದೇ ಆದರೆ ಇಂಟೆಲ್ ಎನ್100 ಚಿಪ್ಪಿನ ಮಿನಿ ಪಿಸಿ ಒಳ್ಳೆಯದು, ಕರೆಂಟೂ ಕಡಿಮೆ ತಿನ್ನುತ್ತದೆ.

ವೈಫೈ, ಜಿಗ್‌ಬೀ, ಲೋರಾ

ಮುರಕಲ್ಲಿನ ದಪ್ಪ ಗೋಡೆಯ ಮನೆಗಳಲ್ಲಿ ವೈಫೈ ಎರಡು ಕೋಣೆ ದಾಟುವಾಗಲೇ ಸುಸ್ತಾಗುತ್ತದೆ. ಮನೆಯೊಳಗಿನ ಬ್ಯಾಟರಿ ಸೆನ್ಸರ್‌ಗಳಿಗೆ, ಅಂದರೆ ಬಾಗಿಲು, ಅಡಿಕೆ ಒಣಗಿಸುವ ಗೂಡಿನ ತೇವ-ಬಿಸಿ, ಇಂಥದ್ದಕ್ಕೆ ಜಿಗ್‌ಬೀ ಎಂಬ, ಕಡಿಮೆ ಕರೆಂಟು ತಿನ್ನುವ ತಂತಿಯಿಲ್ಲದ ಪದ್ಧತಿ ಒಳ್ಳೆಯದು. ಒಂದು ಸಾಧನದಿಂದ ಇನ್ನೊಂದಕ್ಕೆ ಹಾಯ್ದು ಸಂದೇಶ ದೂರ ಹೋಗುತ್ತದೆ. ಆದರೆ ಹೀಗೆ ಹಾಯಿಸುವ ಕೆಲಸ ಮಾಡುವುದು ಗೋಡೆಯ ಕರೆಂಟಿನಲ್ಲಿ ಓಡುವ ಸಾಧನಗಳು. ಕರೆಂಟು ಹೋದರೆ ಅವೂ ಹೋದವು, ಹಿಂದಿನ ಸೆನ್ಸರ್‌ಗಳು ಒಂಟಿಯಾದವು. ಹಾಯಿಸುವ ಒಂದೆರಡು ಸಾಧನಗಳನ್ನು ಇನ್ವರ್ಟರ್ ಲೈನಿನ ಪ್ಲಗ್ಗಿಗೆ ಹಾಕಿ. ತಂತ್ರಾಂಶದಲ್ಲಿ, ಜಿಗ್‌ಬೀ ಸಂದೇಶವನ್ನು ಎಂಕ್ಯೂಟಿಟಿಗೆ ತಿರುಗಿಸುವ ಜಿಗ್‌ಬೀ2ಎಂಕ್ಯೂಟಿಟಿಯನ್ನೇ ನಾನು ಆರಿಸುತ್ತೇನೆ, ಯಾಕೆಂದರೆ ಕೇಂದ್ರ ಬದಲಿಸಿದರೂ ಅದು ಉಳಿಯುತ್ತದೆ. ಹೋಮ್ ಅಸಿಸ್ಟೆಂಟ್ ಬಿಟ್ಟು ಬೇರೆ ಕಡೆ ಹೋಗುವುದೇ ಇಲ್ಲ ಅನ್ನುವವರಿಗೆ ಅದರೊಳಗಿನ ಝಡ್‌ಎಚ್‌ಎ ಸುಲಭ.

ಗುಡ್ಡೆಯ ಟ್ಯಾಂಕಿ, ತೋಟದ ಆಚೆಯ ಕೆರೆ, ಇವುಗಳಿಗೆ ಎರಡೂ ಮುಟ್ಟುವುದಿಲ್ಲ. ಅಲ್ಲಿಗೆ ಲೋರಾ, ಸಣ್ಣ ಸಂದೇಶಗಳನ್ನು ದೂರ ಒಯ್ಯುವ ರೇಡಿಯೊ ಪದ್ಧತಿ. 2.4 ಗಿಗಾಹರ್ಟ್ಸ್ ಅಲೆಯನ್ನು ಒದ್ದೆ ಎಲೆಗಳು ನುಂಗುತ್ತವೆ, ಕೆಳಗಿನ ಆವರ್ತನದ ಲೋರಾ ಅಡಿಕೆ ಮರಗಳ ನಡುವೆ ಹೆಚ್ಚು ದೂರ ಹೋಗುತ್ತದೆ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು 865ರಿಂದ 868 ಮೆಗಾಹರ್ಟ್ಸ್ ಪಟ್ಟಿ ಇದೆ. ಅಮೆರಿಕದ 915ರ ಮಾಡ್ಯೂಲ್ ತರಬೇಡಿ. 868 ಎಂದು ಬರೆದದ್ದು ತಂದರೆ ತಂತ್ರಾಂಶದಲ್ಲಿ ನಮ್ಮ ಪಟ್ಟಿಯೊಳಗಿನ ಆವರ್ತನ ಕೊಡಿ. ಟ್ಯಾಂಕಿಯಲ್ಲಿ ಸಣ್ಣ ಸೋಲಾರ್ ಹಲಗೆ, ಒಂದು ಫ್ಲೋಟ್ ಸ್ವಿಚ್, ಅಷ್ಟು ಸಾಕು. ಅಲ್ಟ್ರಾಸಾನಿಕ್ ಸೆನ್ಸರ್ ನೀರಿನ ಮಟ್ಟವನ್ನು ಸೆಂಟಿಮೀಟರ್‌ನಲ್ಲಿ ತೋರಿಸುತ್ತದೆ ನಿಜ. ಆದರೆ ಮುಚ್ಚಿದ ಟ್ಯಾಂಕಿಯೊಳಗೆ ಅದರ ಮುಖಕ್ಕೆ ನೀರಹನಿ ಕೂತು ಲೆಕ್ಕ ತಪ್ಪುತ್ತದೆ.

ತಂತಿ ಎಳೆದರೆ ಇದೆಲ್ಲ ಬೇಡವಲ್ಲ ಎಂದು ಕೇಳುತ್ತೀರಿ. ತೋಟದಿಂದ ಮನೆಗೆ ಎಳೆದ ಉದ್ದದ ತಂತಿ ಸಿಡಿಲಿನ ಕಾಲದಲ್ಲಿ ಅಪಾಯ. ಹತ್ತಿರ ಎಲ್ಲೋ ಬಡಿದ ಸಿಡಿಲೂ ಅದರ ಮೂಲಕ ಮನೆಯೊಳಗೆ ಬಂದು ಎಲ್ಲವನ್ನೂ ಸುಡಬಲ್ಲದು. ತಂತಿ ಇಲ್ಲದಿದ್ದರೆ ಹೋದರೂ ತೋಟದ ಒಂದು ಬೋರ್ಡು ಹೋಗುತ್ತದೆ. ಮನೆಯ ಮುಖ್ಯ ಬೋರ್ಡಿಗೆ ಸರ್ಜ್ ತಡೆಯುವ ಎಸ್‌ಪಿಡಿ ಹಾಕಿಸಿ, ಅರ್ತಿಂಗ್ ಪರೀಕ್ಷೆ ಮಾಡಿಸಿ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ತಿಂಗ್ ದುರ್ಬಲವಾಗುತ್ತದೆ. ಮೊದಲ ಗುಡುಗು ಬರುವುದೂ ಅದೇ ಹೊತ್ತಿಗೆ.

ದೂರದಿಂದ ನೋಡಬೇಕಾದರೆ

ಹೋಮ್ ಅಸಿಸ್ಟೆಂಟಿಗೆ ದುಡ್ಡು ಕೊಡುವ ಕ್ಲೌಡ್ ಸೇವೆ ಇದೆ, ಆ ದುಡ್ಡು ಯೋಜನೆಯ ಬೆಳವಣಿಗೆಗೆ ಹೋಗುತ್ತದೆ. ಓಪನ್‌ಹ್ಯಾಬಿನ ಮೈಓಪನ್‌ಹ್ಯಾಬ್ ಉಚಿತ. ಖರ್ಚಿನ ದೃಷ್ಟಿಯಲ್ಲಿ ಇದು ಓಪನ್‌ಹ್ಯಾಬಿಗೆ ಒಂದು ಅಂಕ. ನಿಮ್ಮದೇ ದಾರಿ ಬೇಕಾದರೆ, ದೂರದ ಫೋನಿಗೂ ಮನೆಗೂ ನಡುವೆ ಖಾಸಗಿ ಸಂಪರ್ಕ (ವಿಪಿಎನ್) ಹಾಕುವ ವೈರ್‌ಗಾರ್ಡ್. ಆದರೆ ನಮ್ಮ ಕಡೆಯ ಹೆಚ್ಚಿನ ಸಂಪರ್ಕಗಳಲ್ಲಿ ಮನೆಗೆ ಸ್ವಂತ ಸಾರ್ವಜನಿಕ ಐಪಿ ವಿಳಾಸ ಸಿಗುವುದಿಲ್ಲ, ಹತ್ತಾರು ಮನೆಗೆ ಒಂದೇ ವಿಳಾಸ. ಆಗ ವೈರ್‌ಗಾರ್ಡನ್ನೇ ಬಳಸುವ ಟೇಲ್‌ಸ್ಕೇಲ್ ಸುಲಭ. ಅದರ ಕೇಂದ್ರ ಸರ್ವರ್ ಮುಕ್ತ ತಂತ್ರಾಂಶ ಅಲ್ಲ, ಅದು ಬೇಡವಾದವರಿಗೆ ಹೆಡ್‌ಸ್ಕೇಲ್ ಇದೆ. ಏನೇ ಮಾಡಿ, ರೂಟರಿನಲ್ಲಿ ಪೋರ್ಟ್ ತೆರೆದು ಮನೆಯ ಪುಟವನ್ನು ನೇರ ಇಂಟರ್ನೆಟ್ಟಿಗೆ ಬಿಡಬೇಡಿ.

ಗಲ್ಫಿನಲ್ಲಿ ಕೂತು ಪಂಪು ಹಾಕುವ ಅವಕಾಶವನ್ನು ನಾನು ಕೊಡುವುದಿಲ್ಲ. ನೋಡಬಹುದು, ಆಫ್ ಮಾಡಬಹುದು. ಆನ್ ಮಾಡುವುದು ಮನೆಯಲ್ಲಿದ್ದವರೇ. ಪಂಪ್‌ಶೆಡ್ಡಿನಲ್ಲಿ ಯಾರಾದರೂ ಫುಟ್‌ವಾಲ್ವ್ ಬಿಚ್ಚಿ ಕೂತಿರಬಹುದು, ದೂರದ ಫೋನಿಗೆ ಅದು ಕಾಣುವುದಿಲ್ಲ.

ಯಾರಿಗೆ ಯಾವುದು

ಅಪ್ಪ ಅಮ್ಮ ಇಬ್ಬರೇ, ಒಂದು ಪಂಪು, ಒಂದು ಟ್ಯಾಂಕಿ: ಟಾಸ್ಮೋಟಾ ಮಾತ್ರ, ಕೇಂದ್ರ ತಂತ್ರಾಂಶವೇ ಬೇಡ. ಹೊತ್ತಾದಾಗ ಪಂಪು ನಿಲ್ಲಿಸುವ ನಿಯಮವನ್ನು ಅದರಲ್ಲೇ ಇಟ್ಟು ಬಿಡಿ. ಪಂಪು, ಕರೆಂಟಿನ ಲೆಕ್ಕ, ಕ್ಯಾಮೆರಾ, ಹತ್ತಾರು ದೀಪ, ಜೊತೆಗೆ ತಿಂಗಳಿಗೊಮ್ಮೆ ಕೂತು ನೋಡುವ ಆಸಕ್ತಿ ಮನೆಯಲ್ಲಿ ಯಾರಿಗಾದರೂ ಇದ್ದರೆ ಹಳೆಯ ಲ್ಯಾಪ್‌ಟಾಪಿನಲ್ಲಿ ಹೋಮ್ ಅಸಿಸ್ಟೆಂಟ್, ಕೆಳಗೆ ಇಎಸ್‌ಪಿಹೋಮ್. ವರ್ಷಕ್ಕೆ ಎರಡು ಸಲ ಮಾತ್ರ ಊರಿಗೆ ಬರುವವರು ಕಟ್ಟುವುದಾದರೆ ಓಪನ್‌ಹ್ಯಾಬ್. ಹಳೆಯ ಪೈ ಇದ್ದು ಖರ್ಚು ಬೇಡವಾದರೆ ಡೊಮೋಟಿಕ್ಸ್.

ಶುರು ಮಾಡಲು ಒಳ್ಳೆಯ ಹೊತ್ತು ಡಿಸೆಂಬರ್. ಗುಡುಗು ಮುಗಿದಿರುತ್ತದೆ, ತೋಟಕ್ಕೆ ನೀರು ಬಿಡುವ ಕೆಲಸ ಆಗಷ್ಟೇ ಶುರುವಾಗಿರುತ್ತದೆ. ಬೇಸಿಗೆ ಪೂರ್ತಿ ಪರೀಕ್ಷೆ ಮಾಡಲು ಸಿಗುತ್ತದೆ. ಮೇ ಕೊನೆಗೆ ಒಂದು ಪೂರ್ತಿ ಬ್ಯಾಕಪ್ ತೆಗೆದು ಪೆನ್‌ಡ್ರೈವಿಗೆ ಹಾಕಿ ಮನೆಯ ಬೀರುವಿನಲ್ಲಿ ಇಡಿ, ಇನ್ನೊಂದು ಪ್ರತಿ ಹೊರಗೆ ಇರುವವರ ಹತ್ತಿರ ಇರಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ, ಭದ್ರತೆಯ ತುರ್ತು ಇಲ್ಲದಿದ್ದರೆ, ಯಾವ ಅಪ್‌ಡೇಟಿಗೂ ಕೈ ಹಾಕಬೇಡಿ.